ನೆತ್ತರು ಬರೆದಿಡುವ ಸಕ್ಕರೆಯ ಲೆಕ್ಕ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರು ತಾಲೂಕುಗಳ ಯಾವ ಪೇಟೆಯಲ್ಲಾದರೂ ಬೆಳಗ್ಗೆ ಏಳು ಗಂಟೆಗೆ ರಕ್ತಪರೀಕ್ಷೆಯ ಕೇಂದ್ರದ ಮುಂದೆ ನಿಂತು ನೋಡಿದರೆ, ಆಗತಾನೆ ಬಸ್ಸಿನಿಂದ ಇಳಿದ ಐದಾರು ಮಂದಿಯಾದರೂ ಬರಿಹೊಟ್ಟೆಯಲ್ಲಿ ಸರದಿ ಕಾಯುತ್ತಿರುವುದು ಕಾಣುತ್ತದೆ. ಮಧ್ಯಾಹ್ನದ ಮೇಲೆ ಅವರ ಕೈಸೇರುವ ಚೀಟಿಯಲ್ಲಿ ಸಾಮಾನ್ಯವಾಗಿ ಮೂರು ಸಾಲುಗಳಿರುತ್ತವೆ. ಮೊದಲನೆಯದು ಊಟಕ್ಕೆ ಮುಂಚಿನ ಸಕ್ಕರೆ. ಎರಡನೆಯದು ಊಟವಾದ ಮೇಲಿನ ಸಕ್ಕರೆ. ಇವೆರಡೂ ನೂರರ ಮೇಲಿನ ಅಂಕೆಗಳಾದುದರಿಂದ ಜನರಿಗೆ ಪರಿಚಿತ. ಮೂರನೆಯ ಸಾಲಿನಲ್ಲಿ ಮಾತ್ರ ಆರೋ ಏಳೋ ಒಂಬತ್ತೋ ಎಂಬ ಸಣ್ಣ ಅಂಕೆಯೊಂದು ಕುಳಿತಿರುತ್ತದೆ. ಅದರ ಹೆಸರು ಎಚ್‌ಬಿ ಎ1ಸಿ, ಎಂದರೆ ಗ್ಲೈಕೇಟೆಡ್ ಹಿಮೋಗ್ಲೋಬಿನ್. ಅಂಕೆ ಸಣ್ಣದೆಂದು ಅದನ್ನು ಕಡೆಗಣಿಸುವವರೇ ಬಹಳ. ಆದರೆ ವೈದ್ಯರು ಚೀಟಿ ಬಿಡಿಸಿದ ಕೂಡಲೆ ಮೊದಲು ನೋಡುವುದು ಆ ಮೂರನೆಯ ಸಾಲನ್ನೇ. ಹೀಗೇಕೆ? ಈ ಅಂಕೆ ಎಲ್ಲಿಂದ ಬಂತು? ಇದಕ್ಕೆ ಇಷ್ಟು ಗೌರವ ಹೇಗೆ ದೊರೆಯಿತು? ಈ ಪ್ರಶ್ನೆಗಳಿಗೆ ಉತ್ತರವಾಗಿ ಒಂದು ಸ್ವಾರಸ್ಯವಾದ ಇತಿಹಾಸವೇ ಇದೆ. ಅದನ್ನು ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ರೋಗದ ಹೆಸರನ್ನೇ ನೋಡೋಣ. 'ಮಿಹ' ಎಂಬ ಸಂಸ್ಕೃತ ಧಾತುವಿಗೆ ಸುರಿಸು, ಮೂತ್ರವಿಸರ್ಜಿಸು ಎಂದು ಅರ್ಥ. ಅದರಿಂದ 'ಮೇಹ' ಬಂತು. ಅದಕ್ಕೆ 'ಮಧು', ಎಂದರೆ ಜೇನು, ಸೇರಿ ಮಧುಮೇಹವಾಯಿತು. ನಮ್ಮ ಹಿರಿಯರು ಇದನ್ನೇ ಸಿಹಿಮೂತ್ರ ರೋಗವೆಂದರು. ಇಂದು ಸಕ್ಕರೆ ಕಾಯಿಲೆ ಎಂಬುದು ರೂಢಿ. ನಮ್ಮ ಕರಾವಳಿಯಲ್ಲಿ ಅದೂ ಸವೆದು, 'ಅವರಿಗೆ ಶುಗರ್ ಉಂಟು' ಎಂಬಲ್ಲಿಗೆ ಬಂದು ನಿಂತಿದೆ. ಚರಕ, ಸುಶ್ರುತರು ಪ್ರಮೇಹದಲ್ಲಿ ಇಪ್ಪತ್ತು ಬಗೆಗಳನ್ನು ಹೇಳಿ ಮಧುಮೇಹವನ್ನು ಅವುಗಳಲ್ಲಿ ಒಂದಾಗಿ ಎಣಿಸಿದರು. ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ಚರಕಸಂಹಿತೆ ಗುರುತಿಸಿದೆ. ಹುಟ್ಟಿನಿಂದ ಬಂದ ಪ್ರಮೇಹ ಒಂದು, ಅಪಥ್ಯದಿಂದ ಬಂದದ್ದು ಇನ್ನೊಂದು ಎಂದು ಸುಶ್ರುತಸಂಹಿತೆ ಎರಡಾಗಿ ವಿಂಗಡಿಸಿದೆ. ಇನ್ಸುಲಿನ್ನಿಗೆ ಚೆನ್ನಾಗಿ ಸ್ಪಂದಿಸುವ ರೋಗಿಗಳು ಒಂದು ಬಗೆ, ಸ್ಪಂದಿಸದವರು ಇನ್ನೊಂದು ಬಗೆ ಎಂದು ಇಂಗ್ಲೆಂಡಿನ ಹಿಮ್ಸ್‌ವರ್ತ್ ಎಂಬ ವೈದ್ಯರು ತೋರಿಸಿದ್ದು 1936ರಲ್ಲಿ. ಎರಡೂ ಒಂದೇ ವಿಂಗಡಣೆ ಎಂದು ನಾನು ಹೇಳುವುದಿಲ್ಲ. ಆದರೆ ಒಂದೇ ಹೆಸರಿನ ಕೆಳಗೆ ಎರಡು ರೋಗಗಳಿರಬಹುದೆಂಬ ಶಂಕೆ ಹಳೆಯದು ಎಂಬುದಂತೂ ನಿಜ. ಸುಶ್ರುತರು ಹೇಳಿದ ಚಿಕಿತ್ಸೆಯೂ ಗಮನಾರ್ಹವಾದುದು. ಬಡವನಾದ ರೋಗಿ ಕೊಡೆ, ಕೆರಗಳಿಲ್ಲದೆ ಭಿಕ್ಷಾನ್ನದಿಂದ ಜೀವಿಸುತ್ತ ನೂರು ಯೋಜನ ನಡೆಯಬೇಕಂತೆ. ಇಲ್ಲವೇ ಬಾವಿ ತೋಡಬೇಕಂತೆ. ಇಂದಿನ ವೈದ್ಯರು 'ದಿನವೂ ನಡೆಯಿರಿ' ಎನ್ನುವುದೂ ಅದೇ ಜಾತಿಯ ಉಪದೇಶ. ಆದರೆ ಬರಿಗಾಲಿನಲ್ಲಿ ಮಾತ್ರ ಬೇಡ ಎನ್ನುತ್ತಾರೆ. ಸ್ಪರ್ಶಜ್ಞಾನ ಕುಂದಿದ ಪಾದಕ್ಕೆ ಮುಳ್ಳು ಚುಚ್ಚಿದರೂ ತಿಳಿಯದು.

ಕನ್ನಡದಲ್ಲೂ ವೈದ್ಯಗ್ರಂಥಗಳಿಗೆ ಕೊರತೆಯಿಲ್ಲ. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ಹದಿನಾಲ್ಕನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣ ಇವುಗಳ ಹೆಸರನ್ನು ನೀವು ಕೇಳಿರಬಹುದು. ನಮ್ಮ ವೈದ್ಯಪರಂಪರೆಯಲ್ಲಿ ನಾಡಿ ಹಿಡಿದು, ನಾಲಗೆ ನೋಡಿ, ಮೂತ್ರದ ಬಣ್ಣ ಗಮನಿಸಿ ರೋಗವನ್ನು ತಿಳಿಯುವ ಕ್ರಮವಿತ್ತು. 'ಇದೆಯೋ, ಇಲ್ಲವೋ' ಎಂಬುದನ್ನು ಅದರಿಂದ ಬಲ್ಲವರು ತಿಳಿಯುತ್ತಿದ್ದರು. 'ಎಷ್ಟಿದೆ?' ಎಂಬ ಪ್ರಶ್ನೆಗೆ ಉತ್ತರ ಹೇಳುವ ಸಾಧನ ಮಾತ್ರ ಆಗ ಎಲ್ಲಿಯೂ ಇರಲಿಲ್ಲ, ಯುರೋಪಿನಲ್ಲಿಯೂ ಇರಲಿಲ್ಲ. ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ 1674ರಲ್ಲಿ ರೋಗಿಯ ಮೂತ್ರ ಜೇನಿನಂತೆ ಸಿಹಿಯಾಗಿರುವುದೆಂದು ಬರೆದಾಗ ಅವರು ಬಳಸಿದ ಉಪಕರಣ ತಮ್ಮ ನಾಲಗೆಯೇ. 1776ರಲ್ಲಿ ಲಿವರ್‌ಪೂಲಿನ ಮ್ಯಾಥ್ಯೂ ಡಾಬ್ಸನ್ ಮೂತ್ರವನ್ನು ಬತ್ತಿಸಿ, ಉಳಿದ ಬಿಳಿಯ ವಸ್ತು ಸಕ್ಕರೆಯೆಂದು ತೋರಿಸಿದರು. ರೋಗಿಯ ರಕ್ತದ ತಿಳಿಯೂ ಸಿಹಿಯಾಗಿರುವುದನ್ನು ಅವರು ಗಮನಿಸಿದರು. ಸಕ್ಕರೆ ಮೂತ್ರದಲ್ಲಿ ಹುಟ್ಟುವುದಲ್ಲ, ರಕ್ತದಿಂದ ಅಲ್ಲಿಗೆ ಇಳಿದು ಬರುವುದು ಎಂಬ ತಿಳಿವಿಗೆ ಅದೇ ಮೊದಲ ಮೆಟ್ಟಿಲು.

ಮುಂದೆ 1889ರಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ಎಂಬಿಬ್ಬರು ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದುಹಾಕಿದಾಗ ಅದಕ್ಕೆ ಮಧುಮೇಹ ಹತ್ತಿತು. ಹಾಗಾದರೆ ಸಕ್ಕರೆಯನ್ನು ಹಿಡಿತದಲ್ಲಿಡುವ ಯಾವುದೋ ರಸ ಆ ಗ್ರಂಥಿಯಲ್ಲಿದೆ ಎಂದಾಯಿತು. ಆ ರಸವೇ ಇನ್ಸುಲಿನ್. ಕೆನಡಾದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್, ಬೆಸ್ಟ್, ಕಾಲಿಪ್, ಮಕ್ಲಿಯಾಡ್ ಇವರ ಶ್ರಮದಿಂದ ಅದು ದೊರೆತು, 1922ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಬಾರಿ ಚುಚ್ಚಲ್ಪಟ್ಟಿತು. ಮರುವರ್ಷ, 1923ರಲ್ಲಿ, ಬ್ಯಾಂಟಿಂಗ್ ಮತ್ತು ಮಕ್ಲಿಯಾಡರಿಗೆ ನೊಬೆಲ್ ಪಾರಿತೋಷಕ ಸಂದಿತು. ನಮ್ಮವರಿಗೆ ಆ ವರ್ಷವನ್ನು ನೆನಪಿಡುವುದು ಕಷ್ಟವಲ್ಲ. ನೇತ್ರಾವತಿ ಉಕ್ಕಿ ಬಂಟ್ವಾಳ ಪೇಟೆಯನ್ನು ಮುಳುಗಿಸಿದ ಮಹಾನೆರೆ ಬಂದುದೂ 1923ರಲ್ಲಿಯೇ.

ಇನ್ಸುಲಿನ್ ಬಂದ ಮೇಲೆ ಜನ ಮಧುಮೇಹದಿಂದ ಕೂಡಲೇ ಸಾಯುವುದು ತಪ್ಪಿತು. ಆದರೆ ಹೊಸದೊಂದು ಚಿಂತೆ ಹುಟ್ಟಿತು. ಹತ್ತು ಹದಿನೈದು ವರ್ಷ ಬದುಕಿದ ರೋಗಿಗಳಲ್ಲಿ ಕಣ್ಣಿನ ಪಟಲ ಕೆಡುವುದು, ಮೂತ್ರಪಿಂಡ ಸೋಲುವುದು, ಕಾಲು ಜೋಮು ಹಿಡಿದು ಹುಣ್ಣಾಗುವುದು ಮೊದಲಾದ ಉಪದ್ರವಗಳು ತಲೆದೋರಿದವು. ಸಕ್ಕರೆಯನ್ನು ಬಿಗಿಯಾಗಿ ಹಿಡಿದರೆ ಇವು ತಪ್ಪುತ್ತವೆ ಎಂದು ಕೆಲವು ವೈದ್ಯರು ವಾದಿಸಿದರು. ಇವು ರೋಗದೊಡನೆಯೇ ಹುಟ್ಟಿ ಬರುವಂಥವು, ಸಕ್ಕರೆಗೂ ಇವಕ್ಕೂ ಸಂಬಂಧವಿಲ್ಲ ಎಂದು ಇನ್ನು ಕೆಲವರು ವಾದಿಸಿದರು. ವಾದ ದಶಕಗಟ್ಟಲೆ ನಡೆಯಿತು. ಏಕೆ ತೀರಲಿಲ್ಲ? ಅಳತೆಗೋಲು ಇರಲಿಲ್ಲವಾದುದರಿಂದ. 'ಈ ರೋಗಿಯ ಸಕ್ಕರೆ ವರ್ಷವಿಡೀ ಎಷ್ಟಿತ್ತು?' ಎಂದು ಕೇಳಿದರೆ ಹೇಳಬಲ್ಲವರು ಯಾರೂ ಇರಲಿಲ್ಲ.

ಆಗ ಇದ್ದ ಪರೀಕ್ಷೆ ಯಾವುದು? ಅಮೆರಿಕದ ಬೆನೆಡಿಕ್ಟ್ ಎಂಬವರ ಹೆಸರಿನ ನೀಲಿ ದ್ರಾವಣ. ನಮ್ಮ ಪ್ರೌಢಶಾಲೆಗಳ ಪ್ರಯೋಗಶಾಲೆಯಲ್ಲಿ ಇಂದಿಗೂ ಮಕ್ಕಳು ಇದನ್ನು ಕಾಯಿಸಿ ನೋಡುತ್ತಾರೆ. ಸಕ್ಕರೆಯಿಲ್ಲದಿದ್ದರೆ ನೀಲಿ ನೀಲಿಯಾಗಿಯೇ ಉಳಿಯುತ್ತದೆ. ಸ್ವಲ್ಪವಿದ್ದರೆ ಹಸಿರು, ಇನ್ನೂ ಇದ್ದರೆ ಹಳದಿ, ಬಹಳವಿದ್ದರೆ ಇಟ್ಟಿಗೆಯ ಕೆಂಪು. ಸ್ಪಿರಿಟ್ ದೀಪದ ಮೇಲೆ ಗಾಜಿನ ನಳಿಗೆ ಹಿಡಿದು ಈ ಬಣ್ಣಗಳನ್ನು ನೋಡಿಯೇ ಹಿಂದಿನ ತಲೆಮಾರಿನ ವೈದ್ಯರು ಔಷಧದ ಪ್ರಮಾಣವನ್ನು ನಿರ್ಧರಿಸುತ್ತಿದ್ದರು. ಆದರೆ ರಕ್ತದ ಸಕ್ಕರೆ ಸುಮಾರು ನೂರಎಂಬತ್ತನ್ನು ದಾಟಿದ ಮೇಲೆಯೇ ಅದು ಮೂತ್ರಕ್ಕೆ ಇಳಿಯುವುದು. ಅದಕ್ಕಿಂತ ಕೆಳಗೆ ನಡೆಯುವ ಕೆಡುಕು ನೀಲಿ ದ್ರಾವಣಕ್ಕೆ ಕಾಣದು. ಮುಂದೆ ರಕ್ತದಲ್ಲಿಯೇ ಸಕ್ಕರೆಯನ್ನು ಅಳೆಯುವ ಕ್ರಮ ಬಂತು. 1970ರ ಸುಮಾರಿಗೆ ಅದಕ್ಕೊಂದು ಮಾಪಕವೂ ಬಂತು. ಆದರೂ ಅದು ಹೇಳುವುದು ಆ ಕ್ಷಣದ ಸಂಗತಿಯನ್ನು ಮಾತ್ರ. ಚಾರ್ಮಾಡಿ ಘಾಟಿಯ ಬುಡದಲ್ಲಿರುವ ಬೆಳ್ತಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಷಾಢದಲ್ಲಿ ಒಂದು ದಿನ ಬಿಸಿಲು ಕಂಡಿತೆಂದು ಆ ವರ್ಷ ಮಳೆ ಕಡಿಮೆ ಎನ್ನಲಾಗುವುದೆ? ಅಂಗಳದಲ್ಲಿ ಮಳೆಮಾಪಕವಿಟ್ಟು ದಿನದಿನದ ಮಳೆಯನ್ನು ಬರೆದಿಡುವ ಕೃಷಿಕರನ್ನು ಕೇಳಿದರೆ ತಾನೆ ಋತುವಿನ ಲೆಕ್ಕ ತಿಳಿಯುವುದು?

ಅಂತಹ ಒಂದು ಮಳೆಮಾಪಕ ನಮ್ಮ ನೆತ್ತರಿನಲ್ಲಿಯೇ ಇದೆ ಎಂಬುದು ಆಗ ಯಾರಿಗೂ ಹೊಳೆದಿರಲಿಲ್ಲ. ಅದು ಸಿಕ್ಕಿದ್ದು ಸಕ್ಕರೆಯನ್ನು ಹುಡುಕುತ್ತಿದ್ದವರಿಗಲ್ಲ; ರಕ್ತದ ಕೆಂಪುಬಣ್ಣವನ್ನು ಪರೀಕ್ಷಿಸುತ್ತಿದ್ದವರಿಗೆ. ನಮ್ಮ ರಕ್ತಕ್ಕೆ ಕೆಂಪು ಕೊಡುವ ವಸ್ತು ಹಿಮೋಗ್ಲೋಬಿನ್. ನಾಲ್ಕು ಎಳೆಗಳು ಸುತ್ತಿಕೊಂಡ ಉಂಡೆಯಂತೆ ಅದರ ರಚನೆ. ಎರಡು ಆಲ್ಫ ಎಳೆ, ಎರಡು ಬೀಟ ಎಳೆ. ಇದು ಎಲ್ಲ ಕಡೆಯೂ ಒಂದೇ ತೆರನಾಗಿಲ್ಲ, ಇದರಲ್ಲಿ ಸಣ್ಣ ಪಾಲಿನ ಬೇರೆ ಬಗೆಗಳೂ ಇವೆ ಎಂದು 1955ರಲ್ಲಿ ಕುಂಕೆಲ್ ಮತ್ತು ವಾಲೆನಿಯಸ್ ತೋರಿಸಿದರು. 1958ರಲ್ಲಿ ಕ್ಯಾಲಿಫೋರ್ನಿಯದ ಆಲೆನ್, ಶ್ರೋಡರ್, ಬಾಲೋಗ್ ಎಂಬ ಮೂವರು ರಾಳ ತುಂಬಿದ ಗಾಜಿನ ಕಂಬದ ಮೂಲಕ ಹಿಮೋಗ್ಲೋಬಿನ್ ದ್ರಾವಣವನ್ನು ಇಳಿಯಬಿಟ್ಟು ಬೇರ್ಪಡಿಸಿದರು. ಮುಖ್ಯ ಭಾಗಕ್ಕಿಂತ ಮುಂಚೆ ಬೇಗ ಇಳಿದು ಬಂದ ಸಣ್ಣ ಪಾಲುಗಳಿಗೆ ಅವರು ಎ1ಎ, ಎ1ಬಿ, ಎ1ಸಿ ಎಂದು ಹೆಸರಿಟ್ಟರು. ಸಂತೆಯ ಚೀಲಗಳಿಗೆ ಗುರುತು ಹಾಕಿದಂತೆ ಹಾಕಿದ ಹೆಸರು ಅದು. ಮೂರನೆಯ ಚೀಲದಲ್ಲಿ ಏನಿದೆ ಎಂಬುದು ಅವರಿಗೂ ಆಗ ತಿಳಿಯದು.

ಹತ್ತು ವರ್ಷ ಕಳೆಯಿತು. ಇರಾನಿನ ಟೆಹರಾನ್ ವಿಶ್ವವಿದ್ಯಾನಿಲಯದಲ್ಲಿ ಸ್ಯಾಮುವೆಲ್ ರಹಬಾರ್ ಎಂಬ ಸಂಶೋಧಕರಿದ್ದರು. ಹಮದಾನ್ ಎಂಬ ಊರಿನಲ್ಲಿ 1929ರಲ್ಲಿ ಹುಟ್ಟಿದವರು. ತಮ್ಮ ದೇಶದ ಜನರಲ್ಲಿ ಹಿಮೋಗ್ಲೋಬಿನ್ನಿನ ದೋಷಗಳೇನಾದರೂ ಇವೆಯೇ ಎಂದು ಆಸ್ಪತ್ರೆಗೆ ಬಂದ 1200 ರೋಗಿಗಳ ರಕ್ತವನ್ನು ವಿದ್ಯುತ್ ಪ್ರವಾಹದ ಸಹಾಯದಿಂದ ಅವರು ಪರೀಕ್ಷಿಸಿದರು. ಅವರಲ್ಲಿ ಇಬ್ಬರ ರಕ್ತದಲ್ಲಿ ವೇಗವಾಗಿ ಸಾಗುವ ವಿಚಿತ್ರವಾದ ಪಟ್ಟಿಯೊಂದು ಕಂಡಿತು. ಇಬ್ಬರೂ ಯಾರು ಎಂದು ವಿಚಾರಿಸಿದರೆ, ಇಬ್ಬರೂ ಮಧುಮೇಹಿಗಳು! ಇನ್ನೊಬ್ಬರಾಗಿದ್ದರೆ ಕಾಕತಾಳೀಯವೆಂದು ಬಿಟ್ಟುಬಿಡುತ್ತಿದ್ದರೇನೋ. ರಹಬಾರರು ಬಿಡಲಿಲ್ಲ. ಮತ್ತೆ 47 ಮಂದಿ ಮಧುಮೇಹಿಗಳ ರಕ್ತವನ್ನು ತರಿಸಿ ನೋಡಿದರು. ಎಲ್ಲರಲ್ಲಿಯೂ ಅದೇ ಪಟ್ಟಿ. 1968ರಲ್ಲಿ ಇದನ್ನು ಪ್ರಕಟಿಸಿ, ಮುಂದೆ ನ್ಯೂಯಾರ್ಕಿನ ಹೆಲೆನ್ ರಾನಿ ಎಂಬ ಮಹಿಳಾವಿಜ್ಞಾನಿಯೊಡನೆ ಸೇರಿ, ತಾವು ಕಂಡ ಪಟ್ಟಿ ಹಿಂದೆ ಗುರುತು ಹಾಕಿಟ್ಟ ಎ1ಸಿಯೇ ಎಂದು ಅವರು 1969ರಲ್ಲಿ ತೋರಿಸಿದರು. ಇದರಲ್ಲಿ ಸೇರಿಕೊಂಡಿರುವುದು ಸಕ್ಕರೆಯ ಅಂಶವೇ ಎಂದು ಬುಕ್‌ಚಿನ್ ಮತ್ತು ಗ್ಯಾಲಪ್ 1968ರಲ್ಲಿಯೇ ಕಂಡಿದ್ದರು. ಮಧುಮೇಹಿಗಳಲ್ಲಿ ಇದು ಸುಮಾರು ಎರಡು ಪಾಲು ಹೆಚ್ಚಿರುತ್ತದೆಂದು 1971ರಲ್ಲಿ ರಾನಿಯವರ ತಂಡ ಅಳೆದು ಹೇಳಿತು.

ಇದು ಆಗುವುದು ಹೇಗೆಂಬುದನ್ನು ಈಗ ನೋಡೋಣ. ಕೆಂಪುಕಣದ ಆಯುಸ್ಸು ಸುಮಾರು 120 ದಿನ. ಅಷ್ಟು ದಿನವೂ ಅದು ಸಕ್ಕರೆ ಬೆರೆತ ರಕ್ತದಲ್ಲಿ ತೇಲುತ್ತಿರುತ್ತದೆ. ಆ ಸಕ್ಕರೆಯಲ್ಲಿ ಸ್ವಲ್ಪ ಪಾಲು ಕಣದೊಳಗಿನ ಹಿಮೋಗ್ಲೋಬಿನ್ನಿನ ಬೀಟ ಎಳೆಯ ತುದಿಗೆ ತನ್ನಷ್ಟಕ್ಕೆ ಅಂಟಿಕೊಳ್ಳುತ್ತದೆ. ಮೊದಲು ಸಡಿಲವಾಗಿ ಅಂಟಿ, ಆಮೇಲೆ ಒಳಗಿಂದೊಳಗೆ ಮಾರ್ಪಟ್ಟು ಬಿಡಿಸಲಾಗದಂತೆ ಕೂಡಿಬಿಡುತ್ತದೆ. ರೊಟ್ಟಿ ಬೇಯುವಾಗ ಮೈ ಕಂದುವ ಕ್ರಿಯೆಯನ್ನು ಫ್ರಾನ್ಸಿನ ಮಯ್ಯಾರ್ ಎಂಬವರು 1912ರಲ್ಲಿ ವಿವರಿಸಿದರಷ್ಟೆ. ಇದೂ ಅದೇ ಕುಲದ್ದು. ಬಾಣಲೆಯಲ್ಲಿ ನಿಮಿಷಗಳಲ್ಲಿ ಆಗುವುದು ಇಲ್ಲಿ ದೇಹದ ಹದವಾದ ಬಿಸಿಯಲ್ಲಿ ವಾರಗಟ್ಟಲೆ ನಡೆಯುತ್ತದೆ.

ಮೂಡುಬಿದಿರೆಯ ಗುರುಬಸದಿಯಲ್ಲಿ ಧವಲ, ಜಯಧವಲಗಳ ತಾಳೆಗರಿಯ ಪ್ರತಿಗಳು ನೂರಾರು ವರ್ಷ ಭದ್ರವಾಗಿ ಉಳಿದು ಬಂದುದು ನಿಮಗೆಲ್ಲ ತಿಳಿದ ಸಂಗತಿ. ತಾಳೆಗರಿಯಲ್ಲಿ ಲೋಹದ ಕಂಠದಿಂದ ಕೊರೆದು ಬರೆಯುತ್ತಿದ್ದ ಕ್ರಮವನ್ನು ನೆನೆದುಕೊಳ್ಳಿ. ಹಾಗೆ ಕೊರೆದ ಅಕ್ಷರವನ್ನು ಒರೆಸಿ ತೆಗೆಯುವಂತಿಲ್ಲ. ಗರಿ ಇರುವಷ್ಟು ದಿನ ಅಕ್ಷರವೂ ಇರುತ್ತದೆ. ಹಿಮೋಗ್ಲೋಬಿನ್ನಿನ ಮೇಲೆ ಸಕ್ಕರೆ ಬರೆಯುವ ಬರಹವೂ ಅಂಥದೇ. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದ ದಿನ ಹೆಚ್ಚು ಗರಿಗಳಿಗೆ ಬರಹ ಬೀಳುತ್ತದೆ. ಕಡಿಮೆಯಿದ್ದ ದಿನ ಕಡಿಮೆ. ಹಳೆಯ ಕಣ ಅಳಿದು ಹೊಸ ಕಣ ಹುಟ್ಟುವ ತನಕ ಆ ಲೆಕ್ಕ ಅಳಿಯದು. ಆದುದರಿಂದ ಯಾವುದೇ ದಿನ ಒಂದು ಹನಿ ರಕ್ತ ತೆಗೆದು, ನೂರು ಗರಿಗಳಲ್ಲಿ ಎಷ್ಟಕ್ಕೆ ಬರಹವಿದೆ ಎಂದು ಎಣಿಸಿದರೆ, ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಯುತ್ತದೆ. ಚೀಟಿಯಲ್ಲಿ 7 ಎಂದಿದ್ದರೆ ನೂರರಲ್ಲಿ ಏಳು ಪಾಲು ಎಂದರ್ಥ. ಇದರಲ್ಲಿ ಸುಮಾರು ಅರ್ಧದಷ್ಟು ಪ್ರಭಾವ ಕಡೆಯ ಒಂದು ತಿಂಗಳದ್ದು. ಉಳಿದರ್ಧ ಅದಕ್ಕಿಂತ ಹಿಂದಿನ ತಿಂಗಳುಗಳದ್ದು.

ಎ1ಸಿ ಸಕ್ಕರೆಯ ಹತೋಟಿಯನ್ನು ನಿಜವಾಗಿ ಅನುಸರಿಸುತ್ತದೆಯೇ ಎಂಬುದನ್ನು 1976ರಲ್ಲಿ ಕೋನಿಗ್, ಸೆರಾಮಿ ಮೊದಲಾದವರು ಐವರು ರೋಗಿಗಳಲ್ಲಿ ಪರೀಕ್ಷಿಸಿದರು. ಬರಿಹೊಟ್ಟೆಯ ಸಕ್ಕರೆಯ ಸರಾಸರಿ 343ರಿಂದ 84ಕ್ಕೆ ಇಳಿದಾಗ ಎ1ಸಿ ನಿಧಾನವಾಗಿ ಅದರ ಹಿಂದೆಯೇ 9.8ರಿಂದ 5.8ಕ್ಕೆ ಇಳಿಯಿತು. ವೈದ್ಯರ ಕೈಗೆ ಬೇಕಾಗಿದ್ದ ಅಳತೆಗೋಲು ಸಿಕ್ಕಿತು. ಇನ್ನು ಹಳೆಯ ವಾದವನ್ನು ತೀರಿಸಬಹುದಾಯಿತು. ಅಮೆರಿಕ ಮತ್ತು ಕೆನಡಾದ 29 ಕೇಂದ್ರಗಳಲ್ಲಿ, ಇನ್ಸುಲಿನ್ ಅನಿವಾರ್ಯವಾದ ಬಗೆಯ 1441 ಮಧುಮೇಹಿಗಳನ್ನು ಎರಡು ಗುಂಪು ಮಾಡಿ, 1983ರಿಂದ 1993ರವರೆಗೆ ಪರೀಕ್ಷೆ ನಡೆಸಲಾಯಿತು. ಒಂದು ಗುಂಪಿನ ಎ1ಸಿ 7ರ ಆಸುಪಾಸು, ಇನ್ನೊಂದರದು 9ರ ಆಸುಪಾಸು. ಫಲಿತಾಂಶ ಸ್ಪಷ್ಟವಾಗಿತ್ತು. ಬಿಗಿಯಾದ ಹತೋಟಿಯ ಗುಂಪಿನಲ್ಲಿ ಕಣ್ಣಿನ ತೊಂದರೆ ಹೊಸದಾಗಿ ತಲೆದೋರುವ ಸಂಭವ ನೂರಕ್ಕೆ 76 ಪಾಲು ಕಡಿಮೆಯಾಗಿತ್ತು. ನರಗಳ ಮತ್ತು ಮೂತ್ರಪಿಂಡದ ತೊಂದರೆಗಳೂ ಗಣನೀಯವಾಗಿ ಇಳಿದಿದ್ದವು. ನಮ್ಮಲ್ಲಿ ಹೆಚ್ಚಾಗಿ ಕಾಣುವ, ನಡುವಯಸ್ಸಿನಲ್ಲಿ ಬರುವ ಎರಡನೆಯ ಬಗೆಯ ಮಧುಮೇಹಕ್ಕೂ ಇದು ಅನ್ವಯಿಸುವುದೆಂದು ಬ್ರಿಟನ್ನಿನಲ್ಲಿ 5102 ರೋಗಿಗಳನ್ನು ಸೇರಿಸಿಕೊಂಡು ನಡೆದ ದೀರ್ಘ ಅಧ್ಯಯನ 1998ರಲ್ಲಿ ತಿಳಿಸಿತು. ಅಲ್ಲಿ ಎ1ಸಿಯ ಸರಾಸರಿ 7.9ರ ಬದಲು 7.0 ಇದ್ದುದರಿಂದ ಸಣ್ಣ ರಕ್ತನಾಳಗಳ ಉಪದ್ರವಗಳು ನೂರಕ್ಕೆ 25 ಪಾಲು ಕಡಿಮೆಯಾದವು. ಒಂದಂಶಕ್ಕೂ ಕಡಿಮೆಯಾದ ಅಂತರ. ಅದರ ಬೆಲೆ ಎಷ್ಟೋ ಜನರ ಕಣ್ಣು!

ಅಳತೆಗೋಲು ಸಿಕ್ಕಿದ ಮಾತ್ರಕ್ಕೆ ತೊಡಕು ಮುಗಿಯಲಿಲ್ಲ. ಹಿಂದೆ ನಮ್ಮ ಜಿಲ್ಲೆಯಲ್ಲಿ ಊರಿಗೊಂದು ಸೇರು, ಮನೆಗೊಂದು ಕಳಸೆ ಇದ್ದ ಕಾಲವನ್ನು ಹಿರಿಯರು ಬಲ್ಲರು. ಗೇಣಿ ಅಕ್ಕಿ ಅಳೆಯುವಾಗ ಒಡೆಯನ ಸೇರೇ ಬೇರೆ, ಒಕ್ಕಲಿನ ಸೇರೇ ಬೇರೆ ಎಂಬ ಜಗಳಗಳಿದ್ದವು. 1956ರ ಕಾನೂನಿನಿಂದ ದೇಶಕ್ಕೆಲ್ಲ ಒಂದೇ ಮೆಟ್ರಿಕ್ ಅಳತೆ ಬರುವ ದಾರಿಯಾಯಿತು. ಎ1ಸಿಗೂ ಇದೇ ಗತಿ. ಒಂದೇ ರಕ್ತಕ್ಕೆ ಒಂದು ಪ್ರಯೋಗಶಾಲೆ 7 ಎಂದರೆ ಇನ್ನೊಂದು 8 ಎನ್ನುತ್ತಿತ್ತು. ಅಮೆರಿಕದಲ್ಲಿ 1996ರಲ್ಲಿ ಪ್ರಯೋಗಶಾಲೆಗಳನ್ನು ಒಂದೇ ಅಳತೆಗೆ ತರುವ ಕಾರ್ಯಕ್ರಮ ಆರಂಭವಾಯಿತು. ಆಮೇಲೆ ಅಂತರರಾಷ್ಟ್ರೀಯ ಮೂಲಮಾನವೂ ಸಿದ್ಧವಾಯಿತು. ಅಳತೆ ನಂಬಿಕೆಗೆ ಅರ್ಹವಾದ ಮೇಲೆಯೇ, ಹತೋಟಿಯನ್ನು ತಿಳಿಯಲು ಬಳಸುತ್ತಿದ್ದ ಇದನ್ನು ರೋಗವನ್ನು ಗುರುತಿಸಲಿಕ್ಕೂ ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಒಪ್ಪಿತು. 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹ. ಅಮೆರಿಕದ ಮಧುಮೇಹ ಸಂಘದ ಎಣಿಕೆಯಂತೆ 5.7ರಿಂದ 6.4ರವರೆಗೆ ಎಚ್ಚರಿಕೆಯ ಹೊಸ್ತಿಲು. ನಿಮಗೆ ಪರಿಚಿತವಾದ ಅಂಕೆಗಳಿಗೆ ಹೊಂದಿಸಿ ಹೇಳುವುದಾದರೆ, ಎ1ಸಿ 6 ಎಂದರೆ ದಿನದ ಸರಾಸರಿ ಸಕ್ಕರೆ ಸುಮಾರು 126. 7 ಎಂದರೆ 154. 8 ಎಂದರೆ 183. 9 ಎಂದರೆ 212. 10 ಎಂದರೆ 240.

ಇಷ್ಟೆಲ್ಲ ಹೇಳುವುದಕ್ಕೆ ಕಾರಣವಿದೆ. ನಮ್ಮಲ್ಲಿ ಪರೀಕ್ಷೆಗೆ ಓದುವ ಮಕ್ಕಳಂತೆ ಸಕ್ಕರೆಯ ಪರೀಕ್ಷೆಗೂ 'ತಯಾರಿ' ಮಾಡಿಕೊಳ್ಳುವವರಿದ್ದಾರೆ. ನನ್ನ ಪರಿಚಯದ ಹಿರಿಯ ಉಪಾಧ್ಯಾಯರೊಬ್ಬರು ಮದುವೆ, ಗೃಹಪ್ರವೇಶಗಳಲ್ಲಿ ಹೋಳಿಗೆಯನ್ನಾಗಲಿ ಪಾಯಸವನ್ನಾಗಲಿ ಬಿಟ್ಟವರಲ್ಲ. ರಕ್ತ ಕೊಡುವ ದಿನಕ್ಕೆ ಮೂರು ದಿನ ಮೊದಲು ಮಾತ್ರ ಗಂಜಿ, ಹುರುಳಿ ಸಾರು ಇಷ್ಟೇ. ಚೀಟಿಯಲ್ಲಿ 110, 115 ಬರುತ್ತಿತ್ತು. ಅದನ್ನು ಮನೆಯವರಿಗೆ ತೋರಿಸಿ, 'ನೋಡಿ, ನನಗೇನೂ ಇಲ್ಲ' ಎನ್ನುತ್ತಿದ್ದರು. ಔಷಧ ಬರೆದುಕೊಟ್ಟರೂ ಸರಿಯಾಗಿ ತೆಗೆದುಕೊಳ್ಳಲಿಲ್ಲ. ರೋಗಿಯೆನಿಸಿಕೊಂಡರೆ ನಾಲ್ಕು ಜನರ ಮುಂದೆ ಸಣ್ಣವನಾಗುತ್ತೇನೆಂಬ ಸಂಕೋಚ ಅವರದು. ಒಂದು ಮಳೆಗಾಲ ಕಾಲ್ಬೆರಳಿನ ಸಂದಿಯ ಗಾಯ ಮಾಯದೆ ಹೋಯಿತು. ಹೊಸ ವೈದ್ಯರೊಬ್ಬರು ಎ1ಸಿ ಬರೆದುಕೊಟ್ಟರು. ಆ ಬೆಳಗಿನ ಸಕ್ಕರೆ ಎಂದಿನಂತೆ ತೃಪ್ತಿಕರವಾಗಿಯೇ ಇತ್ತು. ಎ1ಸಿ ಹತ್ತನ್ನು ದಾಟಿತ್ತು. ಮೂರು ದಿನದ ಪಥ್ಯದಿಂದ ಮೂರು ತಿಂಗಳ ಬರಹವನ್ನು ಅಳಿಸಲಾದೀತೆ? ಕಡೆಗೆ ಹೆಬ್ಬೆರಳನ್ನು ತೆಗೆಯಬೇಕಾಯಿತು. ಅವರು ಮೋಸ ಮಾಡಿದ್ದು ವೈದ್ಯರಿಗೂ ಅಲ್ಲ, ಮನೆಯವರಿಗೂ ಅಲ್ಲ ಎಂಬುದು ಅವರಿಗೆ ತಿಳಿಯುವ ಹೊತ್ತಿಗೆ ತಡವಾಗಿತ್ತು.

ಹಾಗೆಂದು ಈ ಅಂಕೆಯನ್ನು ದೇವರವಾಕ್ಯವೆಂದು ನಂಬುವುದೂ ತಪ್ಪು. ಇದು ಸರಾಸರಿ ಎಂಬುದನ್ನು ಮರೆಯಬಾರದು. ಬಂಟ್ವಾಳದ ಪೇಟೆಯವರು 1974ರ ನೆರೆಯ ನೀರು ಗೋಡೆಯಲ್ಲಿ ಎಲ್ಲಿಯವರೆಗೆ ಬಂದಿತ್ತೆಂದು ಬೆರಳಿಟ್ಟು ತೋರಿಸುತ್ತಿದ್ದುದುಂಟು. ನೆರೆಯ ಗುರುತು ನೀರು ಏರಿದ ಎತ್ತರವನ್ನು ಹೇಳುತ್ತದೆ. ಎ1ಸಿ ಅದನ್ನು ಹೇಳುವುದಿಲ್ಲ. ಒಮ್ಮೆ 300ಕ್ಕೆ ಏರಿ ಒಮ್ಮೆ 50ಕ್ಕೆ ಇಳಿದು ಒದ್ದಾಡುವವನಿಗೂ, ಸಮವಾಗಿ ನಡೆಯುವವನಿಗೂ ಒಂದೇ ಅಂಕೆ ಬರಬಹುದು. ಆದುದರಿಂದ ಮೊದಲ ಎರಡು ಸಾಲುಗಳೂ ಬೇಕು. ಇನ್ನೊಂದು ಮಾತು: ಅಂಕೆಯನ್ನು ಇಳಿಸಿದಷ್ಟೂ ಒಳ್ಳೆಯದೆಂದೂ ಅಲ್ಲ. ಹೃದ್ರೋಗದ ಅಪಾಯವಿದ್ದ ಹಿರಿಯ ಮಧುಮೇಹಿಗಳಲ್ಲಿ ಅದನ್ನು 6ಕ್ಕಿಂತ ಕೆಳಗಿಳಿಸಲು ಅಮೆರಿಕ ಮತ್ತು ಕೆನಡಾದಲ್ಲಿ ಮಾಡಿದ ದೊಡ್ಡ ಪ್ರಯೋಗವನ್ನು, ಬಿಗಿಯಾದ ಚಿಕಿತ್ಸೆಯ ಗುಂಪಿನಲ್ಲಿ ಸಾವು ಹೆಚ್ಚಿದುದರಿಂದ, 2008ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ಯಾರಿಗೆ ಎಷ್ಟು ತಕ್ಕುದು ಎಂಬುದನ್ನು ವಯಸ್ಸು, ದೇಹಸ್ಥಿತಿ ನೋಡಿ ವೈದ್ಯರೇ ನಿರ್ಧರಿಸಬೇಕು.

ಇದಕ್ಕಿಂತ ಮುಖ್ಯವಾದ ಎಚ್ಚರಿಕೆ ಇನ್ನೊಂದಿದೆ. ಲೆಕ್ಕ ಬರೆಯುವುದು ಗರಿಯ ಮೇಲೆ ತಾನೆ? ಗರಿಯ ಆಯುಸ್ಸೇ ಹೆಚ್ಚುಕಡಿಮೆಯಾದರೆ ಲೆಕ್ಕವೂ ತಪ್ಪುತ್ತದೆ. ಕಬ್ಬಿಣದ ಕೊರತೆಯಿಂದ ರಕ್ತಹೀನತೆಯಾದಾಗ ಎ1ಸಿ ಇರುವುದಕ್ಕಿಂತ ಹೆಚ್ಚಾಗಿ ಕಾಣಬಹುದು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳದ ಹಳ್ಳಿಗಳಲ್ಲಿ ಜಗಲಿಯ ಮೇಲೆ ಮೊರವಿಟ್ಟುಕೊಂಡು ಬೀಡಿ ಕಟ್ಟುತ್ತ ಸಂಸಾರ ಸಾಗಿಸಿದ ತಾಯಂದಿರನ್ನು ನೆನೆದರೆ ಈ ಮಾತು ದೂರದ್ದೆನಿಸದು. ಅಂತಹ ಒಬ್ಬಾಕೆಯ ಚೀಟಿಯಲ್ಲಿ 6.6 ಎಂದು ಬಂದ ಕೂಡಲೆ ಆಕೆಯನ್ನು ಮಧುಮೇಹಿಯೆಂದು ಕರೆಯಬಾರದು. ಹಿಮೋಗ್ಲೋಬಿನ್ ಎಷ್ಟಿದೆಯೆಂದು ನೋಡಬೇಕು, ಸಕ್ಕರೆಯನ್ನು ನೇರವಾಗಿ ಅಳೆಯಬೇಕು. ಇದಕ್ಕೆ ವಿರುದ್ಧವಾಗಿ, ಕೆಂಪುಕಣಗಳು ಬೇಗ ಅಳಿಯುವ ಕಾಯಿಲೆಗಳಲ್ಲಿ ಎ1ಸಿ ಸುಳ್ಳಾಗಿ ಕೆಳಗಿಳಿಯುತ್ತದೆ. ಮಲೇರಿಯಾ ಕೆಂಪುಕಣಗಳನ್ನೇ ಒಡೆಯುವ ರೋಗ. ಮಂಗಳೂರಿನ ಸುತ್ತಿನ ಜನ ಅದರ ಕಾಟವನ್ನು ಬಹುಕಾಲ ಕಂಡವರು. ಈಚೆಗೆ ರಕ್ತ ಪಡೆದವರಲ್ಲಿಯೂ, ಬಸುರಿಯರಲ್ಲಿಯೂ ಈ ಅಂಕೆಯನ್ನು ಪೂರ್ತಿಯಾಗಿ ನೆಚ್ಚುವಂತಿಲ್ಲ. ಹುಟ್ಟಿನಿಂದಲೇ ಬೇರೆ ಬಗೆಯ ಹಿಮೋಗ್ಲೋಬಿನ್ ಇರುವವರಲ್ಲಿ ಕೆಲವು ಯಂತ್ರಗಳು ತಪ್ಪು ಉತ್ತರ ಕೊಡುತ್ತವೆ. ರಹಬಾರರು ಹುಡುಕಹೊರಟದ್ದು ಅಂತಹ ಬೇರೆ ಬಗೆಯ ಹಿಮೋಗ್ಲೋಬಿನ್ನುಗಳನ್ನೇ ಎಂಬುದನ್ನು ಇಲ್ಲಿ ಸ್ಮರಿಸಬಹುದು.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದಂತೆ ನಮ್ಮ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಮಧುಮೇಹಿಗಳಿದ್ದಾರೆ. ಹೊಸ್ತಿಲಲ್ಲಿ ನಿಂತವರು 13 ಕೋಟಿ 60 ಲಕ್ಷ. ಇವರಲ್ಲಿ ನಮ್ಮ ಮೂರು ತಾಲೂಕಿನವರೂ ಸೇರಿದ್ದಾರೆ. ಹಿಂದೆ ತೋಟಕ್ಕೂ ಗದ್ದೆಗೂ ಹತ್ತಿಳಿದು, ಕುಚ್ಚಲಕ್ಕಿಯ ಗಂಜಿ ಉಂಡ ದೇಹಗಳು ಇಂದು ಮನೆಯ ಬಾಗಿಲಿನಲ್ಲೇ ವಾಹನವೇರಿ, ಬೆಳ್ತಿಗೆ ಅಕ್ಕಿಯ ಊಟವನ್ನೂ ಪೇಟೆಯ ಸಿಹಿತಿಂಡಿಯನ್ನೂ ರೂಢಿ ಮಾಡಿಕೊಂಡಿವೆ. ಗಂಜಿ ಉಂಡರೆ ರೋಗ ಬಾರದೆಂದಲ್ಲ. ಕುಚ್ಚಲಕ್ಕಿಯೂ ಅಕ್ಕಿಯೇ, ಬಟ್ಟಲಿನ ಗಾತ್ರ ಮುಖ್ಯ. ಆದರೆ ಉಂಡುದನ್ನು ದುಡಿದು ಕರಗಿಸುವ ಕ್ರಮ ತಪ್ಪಿತು ಎಂಬುದು ಕಣ್ಣಿಗೆ ಕಾಣುವ ಸತ್ಯ.

ಮನೆಯಲ್ಲಿ ಮಧುಮೇಹಿಗಳಿದ್ದರೆ ನೀವು ಮಾಡಬೇಕಾದುದು ಇಷ್ಟೆ. ಎ1ಸಿ ಪರೀಕ್ಷೆಗೆ ಉಪವಾಸ ಬೇಕಿಲ್ಲ. ಯಾವ ಹೊತ್ತಿನಲ್ಲಾದರೂ ರಕ್ತ ಕೊಡಬಹುದು. ಸಕ್ಕರೆ ಹತೋಟಿಗೆ ಬಾರದವರು, ಔಷಧ ಬದಲಾದವರು ಮೂರು ತಿಂಗಳಿಗೊಮ್ಮೆ, ಸ್ಥಿರವಾಗಿರುವವರು ವರ್ಷಕ್ಕೆ ಎರಡು ಬಾರಿ ಮಾಡಿಸುವುದು ರೂಢಿ. ಸಾಧ್ಯವಾದಷ್ಟು ಒಂದೇ ಪ್ರಯೋಗಶಾಲೆಯಲ್ಲಿ ಮಾಡಿಸಿ. ಚೀಟಿಗಳನ್ನು ಬಿಸಾಡದೆ ತಾರೀಕಿನ ಕ್ರಮದಲ್ಲಿ ಇಟ್ಟುಕೊಳ್ಳಿ. ಒಂದೇ ಅಂಕೆಗಿಂತ ನಾಲ್ಕು ಅಂಕೆಗಳ ಸಾಲು ಹೆಚ್ಚು ಹೇಳುತ್ತದೆ. ರಕ್ತಹೀನತೆ, ಈಚಿನ ಜ್ವರ, ಬಸುರು ಇದ್ದರೆ ವೈದ್ಯರಿಗೆ ಮೊದಲೇ ತಿಳಿಸಿ. ಅಂಕೆ ನೋಡಿ ನೀವೇ ಗುಳಿಗೆಯನ್ನು ಹೆಚ್ಚಿಸುವುದಾಗಲಿ ಬಿಡುವುದಾಗಲಿ ಸಲ್ಲದು. ವರ್ಷಕ್ಕೊಮ್ಮೆ ಕಣ್ಣನ್ನು ತೋರಿಸಿ. ದಿನಕ್ಕೊಮ್ಮೆ ಪಾದವನ್ನು ನೋಡಿಕೊಳ್ಳಿ. ಹಿರಿಯರ ಪಾದವನ್ನು ಮಕ್ಕಳು ಮೊಮ್ಮಕ್ಕಳು ನೋಡಿದರೆ ಇನ್ನೂ ಒಳ್ಳೆಯದು.

ಮುಖ್ಯವಾಗಿ, ಅಂಕೆ ಹೆಚ್ಚು ಬಂತೆಂದು ಮನೆಯ ಹಿರಿಯರನ್ನು ನಾಲ್ಕು ಜನರೆದುರು ಗದರಿಸಬೇಡಿ. ಗದರಿಸಿದರೆ ಮುಂದಿನ ಬಾರಿ ಅವರು ಚೀಟಿಯನ್ನೇ ಅಡಗಿಸುತ್ತಾರೆ. ಈ ಪರೀಕ್ಷೆ ಯಾರನ್ನೂ ಶಿಕ್ಷಿಸುವುದಕ್ಕಾಗಿ ಹುಟ್ಟಿದುದಲ್ಲ. ಕಳೆದುದನ್ನು ತಿಳಿಸಿ, ಬರುವುದನ್ನು ತಿದ್ದಿಕೊಳ್ಳಲು ಅವಕಾಶ ಕೊಡುವುದಕ್ಕಾಗಿ ಒದಗಿದುದು. ಕೆಂಪುಕಣಗಳು ದಿನದಿನವೂ ಹೊಸದಾಗಿ ಹುಟ್ಟುತ್ತಿರುತ್ತವೆ. ಇಂದು ಹುಟ್ಟಿದ ಕಣದ ಮೇಲೆ ಇನ್ನೂ ಏನೂ ಬರೆದಿಲ್ಲ. ಇಂದಿನಿಂದ ಸರಿಯಾಗಿ ನಡೆದುಕೊಂಡವನಿಗೆ ಮೂರು ತಿಂಗಳಲ್ಲಿ ಬೇರೆಯ ಚೀಟಿ ಕೈಗೆ ಬಂದೀತು.